ಪುಣೆಗೆ ಬಗಲು, ಧಾರವಾಡಕ್ಕೆ ಮಾರಿ: ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ರೇಡಿಯೋ ಏರಿಯಲ್

ನನ್ನ ಧ್ವನಿ ಕೇಳಿಸ್ತಾ ಇದೆಯಾ? ಊರಿನ ಮನೆಯಿಂದ ಮಾತಾಡ್ತಾ ಇದ್ದೀನಿ. ಇಲ್ಲಿ ಪಡಸಾಲೆಯ ಕಿಟಕಿ ಹತ್ತಿರ ಕೂತರೆ ಮಾತ್ರ ನೆಟ್‌ವರ್ಕ್ ಸಿಗ್ತದೆ. ಒಳಗೆ ಎರಡು ಹೆಜ್ಜೆ ಇಟ್ಟರೆ ಹೋಗ್ತದೆ. ನಡುವೆ ದನಿ ನಿಂತರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ.

ಬೆಳಗಿನಿಂದ ಇಲ್ಲಿ ಮಂಡನೆಯಾದ ಪ್ರಬಂಧಗಳು ಗಡಿಯಾಚೆಯ ಕನ್ನಡ ಹೇಗೆ ಉಳೀತು ಎಂಬ ಪ್ರಶ್ನೆಗೆ ಶಾಲೆ, ಮಠ, ಸಂಘ, ಆಯೋಗದ ವರದಿ ಇವುಗಳ ಮೂಲಕ ಉತ್ತರ ಹುಡುಕಿದವು. 1956ರ ನವೆಂಬರ್ 1, 1966ರ ಮಹಾಜನ ಆಯೋಗ, ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾದದ್ದು, ಇವೆಲ್ಲ ನಮಗೆ ಗೊತ್ತಿರುವ ದಾರಿ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನಮ್ಮ ಮನೆಯ ಕನ್ನಡ ಆ ದಾರಿಯಿಂದ ಪೂರ್ತಿ ಬಂದದ್ದಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕನ್ನಡ ಎರಡನೇ ಇಯತ್ತೆ ಕಲಿತು ಶಾಲೆ ಬಿಟ್ಟವಳು. ಮದುವೆಯಾದ ಮೇಲೆ ಕನ್ನಡ ಪುಸ್ತಕ ಮುಟ್ಟಿದ್ದು ಅಷ್ಟಕ್ಕಷ್ಟೆ. ಆದರೂ ಅವಳಿಗೆ ಎಷ್ಟೋ ವಚನ ಬಾಯಿಗೆ ಬರ್ತವೆ. ಎಲ್ಲಿ ಕಲಿತೆ ಅಂತ ಕೇಳಿದರೆ ಮಠದಲ್ಲಿ ಅನ್ನೋದಿಲ್ಲ, “ಧಾರವಾಡದ್ದು” ಅಂತಾಳೆ. ಧಾರವಾಡಕ್ಕೆ ಅವಳು ಈ ತನಕ ಹೋಗಿಲ್ಲ.

ಧಾರವಾಡ ಎಂದರೆ ಅವಳ ಲೆಕ್ಕದಲ್ಲಿ ಆಕಾಶವಾಣಿ. ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯಿಂದ ಧಾರವಾಡ ನೇರ ಗೆರೆ ಎಳೆದರೆ ಸುಮಾರು 260 ಕಿಲೋಮೀಟರ್. ಅಷ್ಟು ದೂರದ ದನಿ ಒಂದು ಮಣ್ಣಿನ ಮಾಳಿಗೆ ಮನೆಯೊಳಗೆ ತಾನಾಗಿಯೇ ಬರಲಿಲ್ಲ. ಬರಿಸಿಕೊಳ್ಳಬೇಕಾಯಿತು. ಮನೆಯಲ್ಲಿದ್ದ ಕಬ್ಬಿಣ, ಹಿತ್ತಾಳೆ, ತಾಮ್ರವನ್ನೇ ಏರಿಯಲ್ ಮಾಡಿ ಬರಿಸಿಕೊಂಡರು. ಇವತ್ತಿನ ನನ್ನ ವಿಷಯ ಆ ಕೆಲಸ. ಗಡಿನಾಡಿನ ಕನ್ನಡದ ಚರಿತ್ರೆ ಬರೆಯುವಾಗ ನಾವು ‘ಅಭಿಮಾನ’ ಅಂತ ಒಂದೇ ಶಬ್ದದಲ್ಲಿ ಮುಗಿಸಿಬಿಡುವ ಜಾಗದಲ್ಲಿ ಕೈಕೆಲಸ ಇತ್ತು, ಅದಕ್ಕೆ ಅದರದೇ ಬುದ್ಧಿವಂತಿಕೆ ಇತ್ತು, ಅದನ್ನು ಹೆಚ್ಚಾಗಿ ಮಾಡಿದವರು ಹೆಂಗಸರು ಮತ್ತು ಹುಡುಗರು. ಇಷ್ಟನ್ನು ತೋರಿಸಬೇಕು ಅಂತ ನನ್ನ ಆಸೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಮನೆಯ ಲೋಹವನ್ನು ಏರಿಯಲ್ ಮಾಡುವುದು ನಮ್ಮೂರಿನ ಶೋಧ ಅಲ್ಲ. 1920ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕ್ರಿಸ್ಟಲ್ ಸೆಟ್ ಇಟ್ಟುಕೊಂಡವರು ಮಂಚದ ಸ್ಪ್ರಿಂಗಿಗೆ, ಮಳೆನೀರಿನ ದೋಣಿಗೆ ತಂತಿ ಕಟ್ಟುತ್ತಿದ್ದರು. ಕ್ರಿಸ್ಟಲ್ ಸೆಟ್ಟಿಗೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ. ಕಿವಿಗೆ ಹಾಕಿದ ಹೆಡ್‌ಫೋನ್ ಅಲುಗಾಡಲು ಬೇಕಾದ ಶಕ್ತಿಯಷ್ಟೂ ಏರಿಯಲ್ಲಿನಿಂದಲೇ ಬರಬೇಕು. ಹಾಗಾಗಿ ಸಿಕ್ಕಿದ ಲೋಹಕ್ಕೆಲ್ಲ ತಂತಿ ಕಟ್ಟಿ ನೋಡುವುದು ರೇಡಿಯೋದಷ್ಟೇ ಹಳೆಯ ಅಭ್ಯಾಸ. ನಮ್ಮ ಕಡೆಗೆ ಬಂದರೆ, ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದಾಗ ಇದ್ದದ್ದು 30 ವ್ಯಾಟಿನ ಟ್ರಾನ್ಸ್‌ಮಿಟರ್. ಮನೆಯ ಎರಡು ಬಲ್ಬು ಉರಿಸುವಷ್ಟು ಶಕ್ತಿ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂತು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಅಷ್ಟು ಸಣ್ಣ ಶಕ್ತಿಯ ದನಿ ಹಿಡಿಯಬೇಕಾದರೆ ಕೇಳುವವರ ಮನೆಯ ತಂತಿ ಎಷ್ಟು ಕೆಲಸ ಮಾಡಿರಬೇಕು ಅನ್ನೋದನ್ನು ಯಾರೂ ಹೇಳಿದ್ದು ನಾನು ಓದಿಲ್ಲ.

ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಸಂಗತಿ ನೆನಪಿಸ್ತೀನಿ. ದ.ರಾ. ಬೇಂದ್ರೆಯವರು 1944ರಿಂದ 1956ರ ತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. 1956ರಲ್ಲಿ ಅಲ್ಲಿಂದ ಬಿಟ್ಟು ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿ ಹೋದರು. ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆ ಆಯಿತು. ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳೀತು. ಹನ್ನೆರಡು ವರ್ಷ ಊರಿನಲ್ಲಿದ್ದ ಕವಿ ಹೋದರು, ಹೋದದ್ದು ಮಾತ್ರ ರೇಡಿಯೋ ಇರುವ ಊರಿಗೆ. ಬೇಂದ್ರೆಯವರ ಜೀವನಚರಿತ್ರೆಯ ದೃಷ್ಟಿಯಿಂದ ಇದು ಒಂದು ನೌಕರಿ ಬದಲಾವಣೆ. ಸೊಲ್ಲಾಪುರದ ಕನ್ನಡಿಗರ ದೃಷ್ಟಿಯಿಂದ ನೋಡಿದರೆ ಬೇರೆಯೇ ಕಾಣಿಸ್ತದೆ.

ಇನ್ನು ಮನೆಗೆ ಬರೋಣ. ನಮ್ಮ ಅಜ್ಜ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಹತ್ತಿರದ ಚಾಳದಲ್ಲಿ ಒಂದೇ ಖೋಲಿ. ಹಬ್ಬಕ್ಕೆ, ಸುಗ್ಗಿಗೆ ಹಳ್ಳಿ ಮನೆ. ಎರಡೂ ಕಡೆ ರೇಡಿಯೋ ಕೇಳಿದ್ದಾರೆ, ಆದರೆ ಎರಡು ಕಡೆಯ ಏರಿಯಲ್ ಬೇರೆ ಬೇರೆ.

ಚಾಳದ ಖೋಲಿಯಲ್ಲಿ ಇದ್ದದ್ದು ಕರೆಂಟಿನ ಮೇಲೆ ನಡೆಯುವ ವಾಲ್ವ್ ಸೆಟ್, ಕೈಬದಲಾಗಿ ಬಂದ ಮರ್ಫಿ. ಅದರ ಲೈಸೆನ್ಸ್ ಪುಸ್ತಕ ಈಗಲೂ ನಮ್ಮ ಟ್ರಂಕಿನಲ್ಲಿದೆ. ರೇಡಿಯೋ ಇಟ್ಟುಕೊಳ್ಳೋದಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಫೀ ಕಟ್ಟಬೇಕಿತ್ತು ಅಂದರೆ ನಮ್ಮ ವಯಸ್ಸಿನವರಿಗೆ ತಮಾಷೆ ಅನ್ನಿಸ್ತದೆ. 1980ರ ದಶಕದಲ್ಲಷ್ಟೇ ಅದು ರದ್ದಾದದ್ದು. ವಾಲ್ವ್ ಸೆಟ್ಟಿನ ಬೆನ್ನಿಗೆ ಎರಡು ತೂತು ಇರ್ತಿದ್ದವು, ಒಂದು ಏರಿಯಲ್ಲಿಗೆ, ಇನ್ನೊಂದು ಅರ್ಥಿಂಗಿಗೆ. ಎರಡೂ ಖಾಲಿ ಇದ್ದರೆ ಹತ್ತಿರದ ಸ್ಟೇಷನ್ ಬಿಟ್ಟು ಬೇರೇನೂ ಸರಿಯಾಗಿ ಬರೋದಿಲ್ಲ. ಅನುಕೂಲಸ್ಥರ ಮನೆಯಲ್ಲಿ ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ ಅದರ ನಡುವೆ ತಾಮ್ರದ ತಂತಿ ಎಳೀತಿದ್ದರು. ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುತ್ತಿದ್ದ ಜಾಲರಿ ಏರಿಯಲ್, ಅಂದರೆ ತಾಮ್ರದ ಎಳೆಯನ್ನು ಪಟ್ಟಿಯ ಹಾಗೆ ಹೆಣೆದದ್ದು, ಖೋಲಿಯ ಈ ಗೋಡೆಯಿಂದ ಆ ಗೋಡೆಗೆ ತೊಲೆಯ ಕೆಳಗೆ ಕಟ್ಟೋದು. ಹಳೆಯ ಕುಟುಂಬದ ಫೋಟೋಗಳಲ್ಲಿ ತಲೆ ಮೇಲೆ ರಿಬ್ಬನ್ ಹಾಗೆ ಕಾಣಿಸೋದು ಅದೇ.

ಚಾಳದಲ್ಲಿ ಮಾಳಿಗೆ ಎಲ್ಲರದು, ಅಂದರೆ ಯಾರದೂ ಅಲ್ಲ. ನಮ್ಮ ಸಾಲಿನಲ್ಲಿ ತೆಲುಗಿನವರು, ಮರಾಠಿಯವರು, ಉರ್ದು ಆಡುವವರು ಎಲ್ಲ ಇದ್ದರು. ಒಬ್ಬರು ತಂತಿ ಎಳೆದರೆ ಇನ್ನೊಬ್ಬರ ಹಪ್ಪಳಕ್ಕೆ ನೆರಳು ಅಂತ ಜಗಳ. ಕಡೆಗೆ ಅಜ್ಜ ಒಳಗೆ ತಿರುಗಿದ. ಮೊದಲು ಕಬ್ಬಿಣದ ಮಂಚ, ಆಮೇಲೆ ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುವ ತಂತಿ. ಬಟ್ಟೆ ತಂತಿ ಭಾಳ ಚಲೋ ಕೆಲಸ ಮಾಡ್ತು ಅಂತ ಆಯಿ ಹೇಳ್ತಾಳೆ. ಯಾಕೆ ಅನ್ನೋದು ಕಷ್ಟವಿಲ್ಲ: ಉದ್ದ ಇತ್ತು, ನೆಲದಿಂದ ಎತ್ತರಕ್ಕಿತ್ತು, ಎರಡು ತುದಿಯೂ ಕಟ್ಟಿಗೆಯ ಕಂಬಕ್ಕೆ ಕಟ್ಟಿತ್ತು.

ಆದರೆ ಅದೇ ತಂತಿಗೆ ಒಂದು ದಿನ ಆಯಿ ಹಸಿ ಸೀರೆ ಹಾಕಲು ಹೋದಾಗ ಕೈಗೆ ಝುಮ್ ಅಂತ ಹೊಡೀತು. ಆ ಕಾಲದ ಕೆಲವು ಸೆಟ್ಟುಗಳು ಎಸಿ ಕರೆಂಟಿಗೂ ಡಿಸಿ ಕರೆಂಟಿಗೂ ನಡೀತಿದ್ದವು. ಅವುಗಳೊಳಗೆ ಟ್ರಾನ್ಸ್‌ಫಾರ್ಮರ್ ಇರೋದಿಲ್ಲ, ಒಳಗಿನ ತಗಡಿನ ಚೌಕಟ್ಟು ಕರೆಂಟಿನ ಒಂದು ತಂತಿಗೇ ಸೇರಿಕೊಂಡಿರ್ತದೆ. ಏರಿಯಲ್ಲಿನ ತೂತಿಗೂ ಚೌಕಟ್ಟಿಗೂ ನಡುವೆ ಒಂದು ಕೆಪಾಸಿಟರ್ ಮಾತ್ರ ಕಾವಲು. ಅದು ಹಳತಾಗಿ ಸೋರಿದರೆ ಏರಿಯಲ್ಲಿಗೇ ಕರೆಂಟು ಬರ್ತದೆ. ರಿಪೇರಿ ಮಾಡಿಕೊಟ್ಟವನಿಗೆ ಇದು ಗೊತ್ತಿರಬೇಕಿತ್ತು, ಹೇಳಲಿಲ್ಲ. ಆಯಿಗೆ ದೊಡ್ಡ ಅಪಾಯ ಆಗಲಿಲ್ಲ, ಆದರೆ ಎರಡು ತಿಂಗಳು ಅವಳು ರೇಡಿಯೋ ಹಚ್ಚಲು ಬಿಡಲಿಲ್ಲವಂತೆ. ಇದನ್ನು ಯಾಕೆ ಹೇಳಿದೆ ಅಂದರೆ, ‘ಮನೆಮದ್ದು’ ಥರದ ಈ ಉಪಾಯಗಳನ್ನು ನಾವು ಈಗ ಮುದ್ದಾಗಿ ನೆನಪಿಸಿಕೊಳ್ತೀವಿ. ಹೊಡೆತ ತಿನ್ನೋದು ಒಗೆಯುವವಳ ಕೈ.

ಹಳ್ಳಿ ಮನೆಗೆ ಆ ಕಾಲಕ್ಕೆ ಕರೆಂಟ್ ಇರಲಿಲ್ಲ. ಅಲ್ಲಿ 1970ರ ದಶಕದಲ್ಲಿ ಬಂದದ್ದು ಸೆಲ್ಲಿನ ಟ್ರಾನ್ಸಿಸ್ಟರ್, ಎರಡು ಬ್ಯಾಂಡಿನದು. ಟ್ರಾನ್ಸಿಸ್ಟರ್ ಬಂದ ಮೇಲೆ ಏರಿಯಲ್ ಬೇಡವಾಯ್ತು ಅಂತ ಎಲ್ಲರೂ ಹೇಳೋದು ಅರ್ಧ ನಿಜ. ಮೀಡಿಯಂ ವೇವಿಗೆ ಅದರೊಳಗೇ ಫೆರೈಟ್ ಕಡ್ಡಿ ಇರ್ತದೆ, ಬೆರಳಿನಷ್ಟು ದಪ್ಪದ ಕಪ್ಪು ಕಡ್ಡಿ, ಅದಕ್ಕೆ ನವಿರಾದ ತಂತಿ ಸುತ್ತಿರ್ತದೆ. ರೇಡಿಯೋದ ಉದ್ದಕ್ಕೂ ಅಡ್ಡ ಮಲಗಿರ್ತದೆ. ಮೇಲೆ ಎಳೆಯುವ ಉದ್ದನೆಯ ಸ್ಟೀಲ್ ಕಡ್ಡಿ ಇದೆಯಲ್ಲ, ಅದು ಶಾರ್ಟ್ ವೇವಿಗೆ. ಮೀಡಿಯಂ ವೇವ್ ಕೇಳುವಾಗ ಅದನ್ನು ಎಳೆದು ತಿರುವಿ ಏನೂ ಉಪಯೋಗ ಇಲ್ಲ, ಆದರೂ ಎಲ್ಲರೂ ತಿರುವುತ್ತಿದ್ದರು.

ಹತ್ತಿರದ ಕೇಂದ್ರಕ್ಕೆ ಆ ಒಳಗಿನ ಕಡ್ಡಿ ಸಾಕು. 260 ಕಿಲೋಮೀಟರ್ ದೂರದ ಧಾರವಾಡಕ್ಕೆ ಹಗಲು ಹೊತ್ತಿನಲ್ಲಿ ಸಾಲೋದಿಲ್ಲ. ಆಗ ನಮ್ಮ ಕಾಕಾ, ಇನ್ನೂ ಶಾಲೆಯ ಹುಡುಗ, ಎಲ್ಲಿಂದಲೋ ಕಲಿತು ಬಂದು ಮಾಡಿದ್ದು ಇದು: ರಬ್ಬರ್ ಹೊದಿಕೆಯ ತಂತಿಯನ್ನು ರೇಡಿಯೋದ ಮೈಗೆ ಎಂಟು ಹತ್ತು ಸುತ್ತು ಸುತ್ತಿದ. ಒಂದು ತುದಿಯನ್ನು ತೂಗುಮಂಚದ ಹಿತ್ತಾಳೆ ಸರಪಳಿಗೆ ಕಟ್ಟಿದ. ಇನ್ನೊಂದು ತುದಿ ಬಚ್ಚಲ ಹಿಂದೆ ನೆಟ್ಟ ಕಬ್ಬಿಣದ ಸಲಾಕೆಗೆ. ಸಲಾಕೆಯ ಬುಡಕ್ಕೆ ಇದ್ದಲು ಮತ್ತು ಉಪ್ಪು ಹಾಕಿದ್ದರು, ಬಚ್ಚಲ ನೀರು ಹರಿದು ನೆಲ ಯಾವಾಗಲೂ ಹಸಿ. ರೇಡಿಯೋದ ಒಳಗೆ ಕೈ ಹಾಕದೆ, ಒಂದು ಸ್ಕ್ರೂ ಸಹ ಬಿಚ್ಚದೆ, ಹೊರಗಿನ ಸುತ್ತಿನಿಂದ ಒಳಗಿನ ಕಡ್ಡಿಗೆ ದನಿ ದಾಟಿಸುವ ಉಪಾಯ. ತಂತ್ರಜ್ಞಾನದ ಇತಿಹಾಸ ಬರೆಯುವವರು ಇದಕ್ಕೆ ಏನು ಹೆಸರು ಕೊಡ್ತಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ರೇಡಿಯೋಕ್ಕ ಉಡದಾರ ಕಟ್ಟೂದು’ ಅಂತಿದ್ದರು.

ಈ ಮಾತನ್ನು ನಾನು ಬರೇ ಕೇಳಿ ಬರೆದಿದ್ದರೆ ಮೇಡಂ ಒಪ್ಪುತ್ತಿರಲಿಲ್ಲ. ಅದಕ್ಕೆ ಎರಡು ವರ್ಷದ ಹಿಂದೆ ದೀಪಾವಳಿ ಸೂಟಿಯಲ್ಲಿ ಹಳೆಯ ಎರಡು ಬ್ಯಾಂಡ್ ಟ್ರಾನ್ಸಿಸ್ಟರ್ ಒಂದನ್ನು ಸರಿಮಾಡಿಸಿ ಹಳ್ಳಿ ಮನೆಯಲ್ಲಿ ಎಲ್ಲಕ್ಕೂ ಕಟ್ಟಿ ನೋಡಿದೆ. ಕಿಟಕಿಯ ಸರಳು ಮೊದಲು. ಎಲ್ಲಕ್ಕಿಂತ ಅದೇ ಚೆನ್ನಾಗಿ ಬರ್ತದೆ ಅಂದುಕೊಂಡಿದ್ದೆ, ಏನೂ ಬರಲಿಲ್ಲ. ಸರಳಿನ ತುದಿಗಳು ತೇವದ ಮಣ್ಣುಗೋಡೆಯೊಳಗೆ ಹುಗಿದಿವೆ. ಅದು ಏರಿಯಲ್ಲಿಗಿಂತ ಹೆಚ್ಚಾಗಿ ಅರ್ಥಿಂಗ್ ಹಾಗೆ ವರ್ತಿಸ್ತದೆ. ಕಬ್ಬಿಣದ ಕಪಾಟು ನೆಲದ ಮೇಲೆ ನಿಂತಿದೆ, ಸಾಧಾರಣ. ತೂಗುಮಂಚದ ಸರಪಳಿಗೆ ಕಟ್ಟಿದಾಗ ಗೊರಗೊರದ ನಡುವಿನಿಂದ ಮಾತು ಎದ್ದು ಬಂತು. ನಾಲ್ಕೂ ಸರಪಳಿ ಕಟ್ಟಿಗೆಯ ತೊಲೆಗೆ ಜೋತುಬಿದ್ದಿವೆ, ಕೆಳಗೆ ಕಟ್ಟಿಗೆಯ ಮಣೆ, ಎಲ್ಲಿಯೂ ನೆಲಕ್ಕೆ ತಾಗೋದಿಲ್ಲ. ಆಯಿ ಪಕ್ಕದಲ್ಲೇ ಕೂತಿದ್ದಳು. “ನಾ ಮೊದಲs ಹೇಳಿದ್ದಿಲ್ಲೇನು, ಸರಪಳಿಗೆ ಕಟ್ಟಂತ” ಅಂದಳು. ಹೇಳಿದ್ದಳು, ನಿಜ. ನಾನು ಪುಸ್ತಕ ನೋಡಿ ಕಿಟಕಿಯಿಂದ ಶುರು ಮಾಡಿದ್ದೆ.

ಲೆಕ್ಕ ಹಾಕಿದರೆ ಇದರ ಕಾರಣ ತಿಳೀತದೆ. ಧಾರವಾಡದ 765 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 392 ಮೀಟರ್. ಅದಕ್ಕೆ ತಕ್ಕ ಕಾಲುಭಾಗದ ಏರಿಯಲ್ ಬೇಕಂದರೆ 98 ಮೀಟರ್. ಯಾವ ಮನೆಯಲ್ಲಿದೆ ಅಷ್ಟು ಉದ್ದದ ಲೋಹ? ಎಫ್‌ಎಂ ಆದರೆ ತರಂಗವೇ ಸುಮಾರು ಮೂರು ಮೀಟರ್, ಮುಕ್ಕಾಲು ಮೀಟರಿನ ಪರದೆ ಕಡ್ಡಿಯೂ ಹೊಂದಿಕೊಳ್ತದೆ. ಮೀಡಿಯಂ ವೇವಿನಲ್ಲಿ ಮನೆಯೊಳಗಿನ ಯಾವ ಸಾಮಾನೂ ಅಳತೆಗೆ ಕೂರೋದಿಲ್ಲ. ಹಾಗಿರುವಾಗ ಅಳತೆಗಿಂತ ಮುಖ್ಯ ಎರಡೇ: ಲೋಹ ನೆಲದಿಂದ ಬಿಡಿಸಿಕೊಂಡು ಎತ್ತರದಲ್ಲಿರಬೇಕು, ಇನ್ನೊಂದು ತುದಿಯ ಅರ್ಥಿಂಗ್ ಹಸಿಯಾಗಿರಬೇಕು. ತೂಗುಮಂಚ ಮತ್ತು ಬಚ್ಚಲು. ಗಂಡಸರು ಕೂತು ಅಡಕೆಲೆ ಮೆಲ್ಲುವ ಜಾಗ ಒಂದು, ಹೆಂಗಸರು ನೀರು ಹೊಯ್ಯುವ ಜಾಗ ಇನ್ನೊಂದು. ಬೇಸಿಗೆಯಲ್ಲಿ ದನಿ ಇಳಿದಾಗ ಸಲಾಕೆಗೆ ಒಂದು ತಂಬಿಗೆ ನೀರು ಹಾಕಿ ಬರೋದು ಮನೆಯ ಹುಡುಗಿಯರ ಕೆಲಸವಾಗಿತ್ತಂತೆ. ನನ್ನ ಅತ್ತೆ ಈಗಲೂ ಹೇಳಿ ನಗ್ತಾಳೆ.

ಪ್ರಯೋಗದಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇವೆಲ್ಲ ಮೀಡಿಯಂ ವೇವಿನಲ್ಲಿ ಭಯಂಕರ ಗದ್ದಲ ಎಬ್ಬಿಸ್ತವೆ. ಮೀಟರಿನ ಹತ್ತಿರ ಮೇನ್ ಸ್ವಿಚ್ ತೆಗೆದ ಮೇಲಷ್ಟೇ ಧಾರವಾಡ ಬಂದದ್ದು. ಊರಿಗೇ ಲೋಡ್‌ಶೆಡ್ಡಿಂಗ್ ಇದ್ದ ಸಂಜೆ ಇನ್ನೂ ಸ್ಪಷ್ಟ ಬಂತು.

1980ರ ದಶಕದಲ್ಲಿ ನಮ್ಮ ಅರ್ಧ ಮಾಳಿಗೆ ಕುಸಿದು ಅಲ್ಲಿ ಪತ್ರಾ ಹಾಕಿಸಿದರು. ಪತ್ರಾ ಎಂದರೆ ತಗಡು, ಸೊಲ್ಲಾಪುರ ಕಡೆ ಹಾಗೇ ಅನ್ನೋದು. ತಗಡಿನ ಕೆಳಗೆ ರೇಡಿಯೋ ಇಟ್ಟರೆ ದನಿ ಸತ್ತುಹೋಗ್ತಿತ್ತು. ತಗಡು ತರಂಗವನ್ನು ತಡೀತದೆ. ಕಾಕಾ ಸರಪಳಿಯ ತಂತಿ ಬಿಚ್ಚಿ ತಗಡಿಗೇ ಕಟ್ಟಿದ. ಅಲ್ಲಿಂದ ಮುಂದೆ ಇಡೀ ಚಾವಣಿಯೇ ಏರಿಯಲ್.

ಈಗ ನನ್ನ ಪ್ರಬಂಧದ ಹೆಸರಿನ ವಿಷಯ. ದನಿ ಜೋರಾಗಿ ಬಂದರೆ ಮುಗೀಲಿಲ್ಲ, ಬೇಕಾದ ದನಿ ಬರಬೇಕು. 1978ರಿಂದ ಮೀಡಿಯಂ ವೇವ್ ಕೇಂದ್ರಗಳಿಗೆ 9 ಕಿಲೋಹರ್ಟ್ಸ್ ಅಂತರದಲ್ಲಿ ಜಾಗ ಹಂಚಿದ್ದಾರೆ. ಆ ಹಂಚಿಕೆಯಲ್ಲಿ ಹೈದರಾಬಾದ್ 738, ಧಾರವಾಡ 765, ಪುಣೆ 792. ದಯವಿಟ್ಟು ಈ ಮೂರು ಅಂಕಿ ಇನ್ನೊಮ್ಮೆ ನೋಡಿ. ಧಾರವಾಡದಿಂದ ಒಂದು ಕಡೆ 27 ಇಳಿದರೆ ತೆಲುಗು, ಇನ್ನೊಂದು ಕಡೆ 27 ಏರಿದರೆ ಮರಾಠಿ. ಅಕ್ಕಲಕೋಟೆಯಿಂದ ಈ ಮೂರೂ ಊರುಗಳ ದೂರ ಹೆಚ್ಚುಕಮ್ಮಿ ಒಂದೇ: ಹೈದರಾಬಾದ್ ಸುಮಾರು 240, ಧಾರವಾಡ 260, ಪುಣೆ 270 ಕಿಲೋಮೀಟರ್. ಅಗ್ಗದ ಟ್ರಾನ್ಸಿಸ್ಟರಿನಲ್ಲಿ ಮುಳ್ಳು ಕೂದಲೆಳೆಯಷ್ಟು ಸರಿದರೆ ಭಾಷೆ ಬದಲಾಗ್ತದೆ, ರಾತ್ರಿಯಲ್ಲಂತೂ ಒಂದರ ಮೇಲೊಂದು ಬೀಳ್ತವೆ.

ಆಯಿಯ ಸೂತ್ರ ಹೀಗಿತ್ತು: “ಪುಣೆಗೆ ಬಗಲ ಮಾಡಬೇಕು, ಧಾರವಾಡಕ್ಕ ಮಾರಿ ಮಾಡಬೇಕು.” ರೇಡಿಯೋವನ್ನು ಎತ್ತಿ ಅದರ ಸಣ್ಣ ಬದಿ ಪುಣೆಯ ದಿಕ್ಕಿಗೆ ಬರುವ ಹಾಗೆ, ಮುಖ ಧಾರವಾಡದ ದಿಕ್ಕಿಗೆ ಬರುವ ಹಾಗೆ ಇಡೋದು. ಇದು ಹಳ್ಳಿಯ ನಂಬಿಕೆ ಅಂತ ನಾನು ಮೊದಲು ನಕ್ಕಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು: ಫೆರೈಟ್ ಕಡ್ಡಿಯ ತುದಿ ಯಾವ ಕೇಂದ್ರವನ್ನು ನೋಡ್ತದೋ ಆ ಕೇಂದ್ರ ಅದಕ್ಕೆ ಕೇಳಿಸೋದಿಲ್ಲ. ಕಡ್ಡಿಗೆ ಅಡ್ಡವಾಗಿರುವ ದಿಕ್ಕಿನದು ಪೂರ್ತಿ ಕೇಳಿಸ್ತದೆ. ನಕಾಶೆಯ ಮೇಲೆ ಅಳೆದೆ. ಅಕ್ಕಲಕೋಟೆಯಿಂದ ಪುಣೆಗೆ ಒಂದು ಗೆರೆ, ಧಾರವಾಡಕ್ಕೆ ಒಂದು ಗೆರೆ ಎಳೆದರೆ ನಡುವಿನ ಕೋನ ಹತ್ತಿರ ಹತ್ತಿರ 90 ಡಿಗ್ರಿ. ಪುಣೆಯ ಗೆರೆಯನ್ನು ಹಿಂದಕ್ಕೆ ಬೆಳೆಸಿದರೆ ಕಲಬುರಗಿಯ ಬಳಿ ಹೋಗ್ತದೆ, ಹೈದರಾಬಾದೂ ಅದರಿಂದ ತುಂಬ ದೂರವಿಲ್ಲ. ಅಂದರೆ ಒಂದು ಸಲ ಪುಣೆಗೆ ಬಗಲು ಮಾಡಿಟ್ಟರೆ ಎರಡೂ ಕಡೆಯ ಪಕ್ಕದ ಕೇಂದ್ರಗಳು ಒಟ್ಟಿಗೆ ತಗ್ಗುತ್ತವೆ. ಎರಡನೇ ಇಯತ್ತೆ ಕಲಿತ ಹೆಂಗಸು ಕಿವಿಯಿಂದ ಕಂಡುಹಿಡಿದದ್ದು ಇದು.

ಇಲ್ಲೊಂದು ತೊಡಕೂ ಇದೆ. ಕಲಬುರಗಿ ಕೇಂದ್ರ 1966ರಲ್ಲಿ ಶುರುವಾಯ್ತು, ನಮಗೆ 70 ಕಿಲೋಮೀಟರೂ ಇಲ್ಲ, ಅದೂ ಕನ್ನಡವೇ. ಇಷ್ಟೆಲ್ಲ ಪಾಡು ಪಟ್ಟು ಧಾರವಾಡ ಯಾಕೆ? ಕಲಬುರಗಿಯನ್ನೂ ಕೇಳ್ತಿದ್ದರು, ಅದಕ್ಕೆ ಸರಪಳಿ ಬೇಕಿರಲಿಲ್ಲ ಅಷ್ಟೆ. ಮಳೆ ಬೆಳೆಯ ಮಾತಿಗೆ ಕಲಬುರಗಿ, ಹಾಡಿಗೆ ಧಾರವಾಡ ಅಂತ ಆಯಿಯ ವಿಂಗಡಣೆ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡ್ತಿದ್ದ ಕೇಂದ್ರ ಧಾರವಾಡ.

ಇನ್ನೂ ಒಂದು ಸೂಕ್ಷ್ಮ ಇದೆ. ಹೊರಗಿನ ತಂತಿ ಕಟ್ಟಿದರೆ ದನಿ ಜೋರಾಗ್ತದೆ, ಆದರೆ ದಿಕ್ಕು ಆರಿಸುವ ಗುಣ ಹೋಗಿಬಿಡ್ತದೆ. ಸರಪಳಿ ಎಲ್ಲ ದಿಕ್ಕಿನದನ್ನೂ ಸಮನಾಗಿ ತರ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಹಗಲಿಗೆ ‘ಉಡದಾರ’, ರಾತ್ರಿಗೆ ಬಿಚ್ಚಿ ಬರೇ ತಿರುವೋದು. ರಾತ್ರಿ ದೂರದ ಕೇಂದ್ರಗಳು ಆಕಾಶದಿಂದ ತಿರುಗಿ ಬರ್ತವೆ, ಆಗ ಬಲಕ್ಕಿಂತ ಆಯ್ಕೆ ಮುಖ್ಯ. ರಾತ್ರಿ ಧಾರವಾಡವೂ ನೆಲದ ಮೇಲಿಂದ ಒಂದು, ಆಕಾಶದಿಂದ ಒಂದು ಹೀಗೆ ಎರಡು ದಾರಿಯಲ್ಲಿ ಬಂದು ಒಂದಕ್ಕೊಂದು ತಾಗಿ ಏರಿಳೀತಿತ್ತು. ನಾಟಕದ ಮುಖ್ಯ ಮಾತು ಬರುವ ಹೊತ್ತಿಗೆ ಸರಿಯಾಗಿ ದನಿ ಇಳಿದುಹೋಗೋದು, ಮತ್ತೆ ಬರುವಷ್ಟರಲ್ಲಿ ಎಲ್ಲ ಅಳ್ತಾ ಇರೋರು. ಯಾರು ಸತ್ತರು ಅಂತ ಮನೆಮಂದಿಯೇ ಊಹಿಸಿಕೊಳ್ಳಬೇಕು.

ಇದರಿಂದ ಸಾಹಿತ್ಯಕ್ಕೆ ಏನು? ಆಯಿ ಹೇಳುವ ವಚನಗಳನ್ನು ನಾನು ಫೋನಿನಲ್ಲಿ ಧ್ವನಿಮುದ್ರಿಸಿ ಅಚ್ಚಿನ ಪಾಠದ ಜೊತೆ ಇಟ್ಟು ನೋಡಿದೆ. ಎರಡು ಬಗೆಯ ವ್ಯತ್ಯಾಸ ಸಿಕ್ತು. ಒಂದು, ಕೆಲವು ಸಾಲುಗಳನ್ನು ಅವಳು ಎರಡು ಸಲ, ಮೂರು ಸಲ ಹೇಳ್ತಾಳೆ, ಹಾಡುವಾಗ ಗಾಯಕರು ಪಲ್ಲವಿಗೆ ಮರಳುವ ಜಾಗದಲ್ಲೇ. ಬಾಯಿಪಾಠ ಮಾಡಿಸುವವರು ಹಾಗೆ ಕಲಿಸೋದಿಲ್ಲ. ಎರಡು, ಕೆಲವು ವಚನಗಳಲ್ಲಿ ನಡುವಿನ ಸಾಲೇ ಇಲ್ಲ, ಮುಂದಿನದಕ್ಕೆ ಹಾರ್ತಾಳೆ. ಮರೆವು ಅಂತ ಬರೆದುಕೊಂಡಿದ್ದೆ. ಆದರೆ ಕೇಳಿದರೆ ಅವಳಿಗೆ ಅಲ್ಲಿ ಒಂದು ಸಾಲು ಇದೆ ಅನ್ನೋದು ಗೊತ್ತು, ಅದು ಏನು ಅನ್ನೋದು ಗೊತ್ತಿಲ್ಲ. “ಅಲ್ಲಿ ಕೇಳಿಸಿದ್ದಿಲ್ಲ” ಅಂತಾಳೆ. ಹಸ್ತಪ್ರತಿಯಲ್ಲಿ ಗೆದ್ದಲು ತಿಂದ ಜಾಗವನ್ನು ನಾವು ಚುಕ್ಕೆ ಹಾಕಿ ತೋರಿಸ್ತೀವಿ, ಅದಕ್ಕೆ ಶಾಸ್ತ್ರವಿದೆ. ಆಯಿಯ ವಚನದಲ್ಲಿ ದನಿ ಇಳಿದ ಜಾಗಕ್ಕೂ ಅಂಥದೇ ಚುಕ್ಕೆ ಬೇಕು ಅಂತ ನನ್ನ ವಾದ. ಅವುಗಳಲ್ಲಿ ಎರಡು ಸಿದ್ಧರಾಮನವು. ಸೊನ್ನಲಿಗೆಯವನ ವಚನ ಸೊಲ್ಲಾಪುರದ ಸೊಸೆಗೆ ಧಾರವಾಡದ ಮೇಲಿಂದ, ತೂಗುಮಂಚದ ಸರಪಳಿ ಇಳಿದು ಬಂತು.

ಬೇರೆ ಗಡಿಗಳ ಬಗ್ಗೆ ಎರಡೇ ಮಾತು. ಹೊಸೂರಿನ ಗೆಳೆಯರಿಗೆ ಈ ಕಷ್ಟ ಇರಲಿಲ್ಲ, ಬೆಂಗಳೂರು ನಲವತ್ತು ಕಿಲೋಮೀಟರ್, ಏರಿಯಲ್ ಇಲ್ಲದೆಯೂ ಬರ್ತದೆ. ಕಾಸರಗೋಡಿನ ಕಥೆ ಬೇರೆ. ಮಂಗಳೂರು ಕೇಂದ್ರ ಶುರುವಾದದ್ದು 1976ರ ಡಿಸೆಂಬರ್ 11ರಂದು. ಅದಕ್ಕೂ ಮೊದಲು ಅಲ್ಲಿ ಹತ್ತಿರದ ಕೇಂದ್ರ ಮಲಯಾಳದ ಕೋಳಿಕೋಡು, ಕನ್ನಡ ಬೇಕಂದರೆ ಘಟ್ಟದಾಚೆಯ ಕೇಂದ್ರಗಳೇ. ನಮ್ಮ ತರಗತಿಯ ಕಾಸರಗೋಡಿನ ಗೆಳತಿ ಹೇಳುವ ಪ್ರಕಾರ ಅಲ್ಲಿ ತೆಂಗಿನ ಮರವೇ ಕಂಬ, ಸಿಡಿಲಿನ ತಿಂಗಳಲ್ಲಿ ಸಂಜೆ ತಂತಿ ಬಿಚ್ಚಿಡೋದು ಮರೆತರೆ ಬೈಗುಳ. ಅವಳು ಇದರ ಮೇಲೆ ಬೇರೆ ಪ್ರಬಂಧ ಬರೀತಾಳೆ, ನಾನು ಅವಳ ವಿಷಯ ಕಸಿಯೋದಿಲ್ಲ.

[ಚರ್ಚೆಯಿಂದ]

ವಿಭಾಗದ ಅಧ್ಯಾಪಕಿಯೊಬ್ಬರು: ‘ಪುಣೆಗೆ ಬಗಲು’ ಅನ್ನೋದನ್ನು ನೀವು ಮರಾಠಿಗೆ ಬೆನ್ನು ಅಂತ ಓದ್ತಾ ಇದ್ದೀರಾ?

ಇಲ್ಲ ಮೇಡಂ, ಹಾಗೆ ಓದಿದರೆ ತಪ್ಪಾಗ್ತದೆ. ಅಜ್ಜ ದಿನಾ ಸಂಜೆ ಪುಣೆಯ ಸುದ್ದಿ ಕೇಳ್ತಿದ್ದ. ಗಿರಣಿಯ ಸುದ್ದಿ, ಸರ್ಕಾರದ ಸುದ್ದಿ ಅವನಿಗೆ ಬೇಕಾದದ್ದು ಮರಾಠಿಯಲ್ಲೇ ಬರ್ತಿತ್ತು. ಆಯಿಗೆ ನಾಟ್ಯಸಂಗೀತ ಇಷ್ಟ, ಕೀರ್ತನೆ ಇಷ್ಟ. ಆಗ ರೇಡಿಯೋ ಕಾಲುಭಾಗ ತಿರುವಿದರಾಯ್ತು, ಧಾರವಾಡಕ್ಕೆ ಬಗಲು ಆಗ್ತದೆ. ಶಾರ್ಟ್ ವೇವಿನಲ್ಲಿ ಸಿಲೋನ್ ಹಚ್ಚಿ ಕಾಕಾ ಹಿಂದಿ ಹಾಡು ಕೇಳ್ತಿದ್ದ, ಅದಕ್ಕೆ ಅಜ್ಜನ ಬೈಗುಳ, ಅದು ಭಾಷೆಗಲ್ಲ, ಸೆಲ್ಲು ಖರ್ಚಾಗ್ತದೆ ಅಂತ. ಕನ್ನಡಕ್ಕೆ ಮಾತ್ರ ಹೆಚ್ಚು ಕೆಲಸ ಮಾಡಬೇಕಿತ್ತು ಅನ್ನೋದೂ ಪೂರ್ತಿ ಸರಿ ಅಲ್ಲ, ಪುಣೆ ಇನ್ನೂ ಸ್ವಲ್ಪ ದೂರವೇ. ನಮ್ಮ ಮನೆಯಲ್ಲಿ ಎರಡಕ್ಕೂ ಕೆಲಸ ಮಾಡಿದ್ದಾರೆ. ನಾನು ಕನ್ನಡ ವಿಭಾಗದವನು ಅಂತ ಒಂದರ ಲೆಕ್ಕ ಬರೆದೆ.

ಜತ್ತದ ಒಬ್ಬ ಸಂಶೋಧನ ವಿದ್ಯಾರ್ಥಿ: ನಮ್ಮ ಕಡೆಯೂ ಹಿರಿಯರನ್ನು ಕೇಳಬೇಕು ಅಂತ ಇದ್ದೀನಿ. ಏನು ಕೇಳಿದರೆ ಹೇಳ್ತಾರೆ?

ಯಾವ ಕಾರ್ಯಕ್ರಮ ಕೇಳ್ತಿದ್ದಿರಿ ಅಂತ ಮೊದಲೇ ಕೇಳಬೇಡಿ. ನಾನು ಹಾಗೇ ಶುರು ಮಾಡಿ ಒಂದು ವಾರ ಕಳಕೊಂಡೆ. ಆಯಿ ಪ್ರತಿ ಸಲ “ನೆನಪಿಲ್ಲಪ, ಏನೇನೋ ಬರತಿತ್ತು” ಅಂತಿದ್ದಳು. ಆಮೇಲೆ ಒಂದು ದಿನ, ರೇಡಿಯೋ ಎಲ್ಲಿ ಇಡ್ತಿದ್ದಿರಿ ಅಂತ ಕೇಳಿದೆ. ರೊಟ್ಟಿ ಬಡೀತಾ ಇದ್ದಳು. ಕೈ ತೊಳಕೊಂಡು ಎದ್ದು ಪಡಸಾಲೆಗೆ ಬಂದಳು, ಗೂಡಿನ ಮುಂದೆ ನಿಂತು ಎರಡು ಕೈಯನ್ನೂ ರೇಡಿಯೋ ಹಿಡಿದ ಹಾಗೆ ಮುಂದೆ ಮಾಡಿ, ಸ್ವಲ್ಪ ಎಡಕ್ಕೆ ತಿರುವಿದಳು.